ಕ್ರೀಡಾವೀರ ಪಾಳವಣಕರ ಬಾಳೂ

ಆಟದಲ್ಲಿ ಮೇಲುಗೈ ಪಡೆಯಲು ತೋಳ್ಬಲವೊಂದೇ ಸಾಲದು, ಮನೋಬಲವೂ ಬೇಕು. ಇದಕ್ಕೆ ಉತ್ತಮ ನಿದರ್ಶನ, ಮುಂಬಯಿಯ ಮೈದಾನಗಳಲ್ಲಿ ಆಡಿ ಕೀರ್ತಿ ಗಳಿಸಿದ ಪಾಳವಣಕರ ಬಾಳೂ ಅವರ ಜೀವನ.

ಬಾಳೂ ಅವರು 1876ರಲ್ಲಿ ಧಾರವಾಡದಲ್ಲಿ ಜನಿಸಿದರು. ಅವರದು ಮರಾಠಿ ಮಾತನಾಡುವ ಚರ್ಮಕಾರ ಮನೆತನ. ಅಂದಿನ ಸಮಾಜವು ಅವರನ್ನು ಅಸ್ಪೃಶ್ಯರೆಂದು ದೂರವಿರಿಸಿತ್ತು. ಪುಣೆಯಲ್ಲಿ ಬೆಳೆದ ಹುಡುಗನು ಮೊದಲು ಪಾರ್ಸಿಗಳ ಕ್ರಿಕೆಟ್ ಕ್ಲಬ್ಬಿನಲ್ಲಿ ನೆಲ ಗುಡಿಸುವ, ರೋಲರು ಎಳೆಯುವ ಕೆಲಸಕ್ಕೆ ನಿಂತನು. ಸಂಬಳ ತಿಂಗಳಿಗೆ ಮೂರು ರೂಪಾಯಿ. 1892ರಲ್ಲಿ ಆಂಗ್ಲರ ಪೂನಾ ಕ್ಲಬ್ಬು ಸೇರಿದಾಗ ಅದು ನಾಲ್ಕು ರೂಪಾಯಿಯಾಯಿತು.

ಅಲ್ಲಿ ಅಭ್ಯಾಸದ ಬಲೆ ಕಟ್ಟುತ್ತಿದ್ದ ಬಾಳೂ ಅವರ ಕೈಗೆ ಒಂದು ದಿನ ಚೆಂಡು ಬಂದಿತು. ಎಡಗೈಯಿಂದ ಅವರು ಎಸೆದ ನಿಧಾನಗತಿಯ ಚೆಂಡು ಆಂಗ್ಲ ಅಧಿಕಾರಿಗಳನ್ನು ಚಕಿತಗೊಳಿಸಿತು. ಅಂದಿನಿಂದ ಅವರಿಗೆ ಗಂಟೆಗಟ್ಟಲೆ ಚೆಂಡೆಸೆಯುವುದೇ ಕೆಲಸವಾಯಿತು. ಆದರೆ ಬ್ಯಾಟು ಹಿಡಿಯುವ ಅವಕಾಶವನ್ನು ಮಾತ್ರ ಯಾರೂ ಕೊಡಲಿಲ್ಲ. ಗ್ರೇಗ್ ಎಂಬ ಸೇನಾಧಿಕಾರಿಯು ತನ್ನನ್ನು ಔಟು ಮಾಡಿದಾಗಲೆಲ್ಲ ಎಂಟಾಣೆ ಕೊಡುತ್ತಿದ್ದನೆಂದು ಪ್ರತೀತಿ. ನಾಲ್ಕು ರೂಪಾಯಿ ಸಂಬಳದವನಿಗೆ ಅದು ಅಲ್ಪವಲ್ಲ. ಆದರೂ ಹಣದ ಆಸೆಯೊಂದೇ ಮನುಷ್ಯನನ್ನು ಅಷ್ಟು ದೂರ ಕೊಂಡೊಯ್ಯಲಾರದು. ನಿಪುಣನಾದ ಎದುರಾಳಿಯನ್ನು ಸೋಲಿಸಬೇಕೆಂಬ ಹಂಬಲ, ಇಂದಿನ ಎಸೆತ ನಿನ್ನೆಯದಕ್ಕಿಂತ ಮೇಲಾಗಬೇಕೆಂಬ ಛಲ, ಇವೇ ಅಭ್ಯಾಸದ ನಿಜವಾದ ಚಾಲಕ ಶಕ್ತಿಗಳು. ಇತರರ ಸೇವೆಗೆಂದು ಮಾಡಿದ ದುಡಿಮೆಯೇ ಬಾಳೂ ಅವರಿಗೆ ಗುರುಕುಲವಾಯಿತು.

ಪುಣೆಯ ಹಿಂದೂ ಕ್ಲಬ್ಬಿಗೂ ಅವರ ನೆರವು ಬೇಕಾಯಿತು. ಅಲ್ಲಿ ಮೈದಾನದೊಳಗೆ ಅವರು ಮುಟ್ಟಿದ ಚೆಂಡನ್ನೇ ಎಲ್ಲರೂ ಮುಟ್ಟುತ್ತಿದ್ದರು. ಚಹದ ಹೊತ್ತಿಗೆ ಮಾತ್ರ ಅವರನ್ನು ಹೊರಗೆ ನಿಲ್ಲಿಸಿ ಮಣ್ಣಿನ ಕುಡಿಕೆಯಲ್ಲಿ ಚಹ ಕೊಡುತ್ತಿದ್ದರು. ಇಂತಹ ಅವಮಾನವನ್ನುಂಡು ಮರುಗಳಿಗೆಯೇ ಚಿತ್ತವನ್ನು ಏಕಾಗ್ರಗೊಳಿಸಿ ಚೆಂಡೆಸೆಯುವುದು ಎಷ್ಟು ಕಠಿನವೆಂಬುದನ್ನು ಊಹಿಸಿರಿ!

ಮುಂದೆ ಮುಂಬಯಿಗೆ ಬಂದು ಅವರು ಹಿಂದೂ ಜಿಮಖಾನಾದ ಪರವಾಗಿ ಆಡಿದರು. 1906ರಲ್ಲಿ ಹಿಂದೂ ತಂಡವು ಐರೋಪ್ಯರನ್ನು 109 ರನ್ನುಗಳಿಂದ ಸೋಲಿಸಿದಾಗ ಆ ಜಯದಲ್ಲಿ ಬಾಳೂ ಅವರ ಪಾಲು ದೊಡ್ಡದು. 1911ರಲ್ಲಿ ಪಟಿಯಾಲಾ ಮಹಾರಾಜರ ನಾಯಕತ್ವದಲ್ಲಿ ಇಂಗ್ಲೆಂಡಿಗೆ ಹೋದ ಭಾರತ ತಂಡವು ಹೆಚ್ಚಿನ ಪಂದ್ಯಗಳಲ್ಲಿ ಸೋತಿತು; ಆದರೆ ಬಾಳೂ ಅವರು ನೂರಕ್ಕಿಂತ ಹೆಚ್ಚು ವಿಕೆಟ್ಟುಗಳನ್ನು ಪಡೆದರು.

ಇಷ್ಟಾದರೂ ಜಾತಿಯ ಕಾರಣದಿಂದ ಹಿಂದೂ ತಂಡದ ನಾಯಕತ್ವ ಅವರಿಗೆ ದೊರೆಯಲಿಲ್ಲ. 1920ರಲ್ಲಿ ತಮ್ಮಂದಿರಾದ ಶಿವರಾಮ ಹಾಗೂ ವಿಠ್ಠಲರು ಈ ಅನ್ಯಾಯವನ್ನು ಬಹಿರಂಗವಾಗಿ ಪ್ರತಿಭಟಿಸಿ ತಂಡದಿಂದ ಹಿಂದೆ ಸರಿದರು. ತಾಳ್ಮೆಯೆಂದರೆ ಅನ್ಯಾಯಕ್ಕೆ ತಲೆಬಾಗುವುದಲ್ಲವೆಂದು ಅವರು ತೋರಿಸಿಕೊಟ್ಟರು. ಕೊನೆಗೆ 1923ರಲ್ಲಿ ವಿಠ್ಠಲರು ನಾಯಕರಾದರು. ಆ ವರ್ಷ ಹಿಂದೂ ತಂಡವೇ ವಿಜಯ ಪಡೆಯಿತು. ಅಣ್ಣನಿಗೆ ಮುಚ್ಚಿದ್ದ ಬಾಗಿಲು ತಮ್ಮನಿಗೆ ತೆರೆಯಿತು.

ಬಾಳೂ ಅವರು 1955ರಲ್ಲಿ ತೀರಿಕೊಂಡರು. ವಿದ್ಯಾರ್ಥಿಮಿತ್ರರೇ, ತಂಡದ ಪಟ್ಟಿಯಲ್ಲಿ ಹೆಸರಿಲ್ಲವೆಂದು ಆಟದ ಬಯಲನ್ನೇ ಬಿಟ್ಟುಬರುವ ಮನಸ್ಸಾದಾಗ, ಪೂನಾ ಕ್ಲಬ್ಬಿನ ಬಲೆಯ ಮುಂದೆ ಮತ್ತೆ ಮತ್ತೆ ಚೆಂಡೆಸೆಯುತ್ತಿದ್ದ ಆ ತರುಣನನ್ನು ನೆನೆಯಿರಿ. ನಿಮ್ಮ ತಂಡದಲ್ಲಿಯೇ ಯಾರನ್ನಾದರೂ ಹೊರಗೆ ನಿಲ್ಲಿಸುವ ಮನಸ್ಸಾದಾಗ, ಆ ಮಣ್ಣಿನ ಕುಡಿಕೆಯನ್ನೂ ನೆನೆಯಿರಿ.