ಗಾರ್ನಿಯೆಯೂ ಅವನ ತೂಗುದೀಪವೂ

ಹತ್ತೊಂಬತ್ತನೆಯ ಶತಮಾನದ ಆದಿಭಾಗದಲ್ಲಿ ಪ್ಯಾರಿಸ್ ನಗರದ ಮೂಫ್ತಾರ್ ಬೀದಿಯು ಬಡವರ ಬೀದಿ. ಗಾಡಿಯ ಚಕ್ರ ಕಟ್ಟಿ, ಕಬ್ಬಿಣ ಬಡಿದು ಜೀವನ ನಡೆಸುತ್ತಿದ್ದ ಕಮ್ಮಾರನೊಬ್ಬನ ಮಗನಾಗಿ 1825ನೆಯ ಇಸವಿ ನವೆಂಬರ್ 6ರಂದು ಷಾರ್ಲ್ ಗಾರ್ನಿಯೆ ಹುಟ್ಟಿದನು. ತಾಯಿ ಲೇಸು ಹೆಣೆಯುವವಳು. ಮಗನು ತಂದೆಯ ಕಸುಬನ್ನೇ ಹಿಡಿಯುವುದು ಆ ಕಾಲದ ವಾಡಿಕೆ. ಆದರೆ ಹುಡುಗನು ರೋಗಿಷ್ಠ, ಕುಲುಮೆಯ ಮುಂದೆ ಸುತ್ತಿಗೆ ಹಿಡಿದು ನಿಲ್ಲುವ ಕಸುವು ಅವನಿಗಿರಲಿಲ್ಲ. ಚಿತ್ರ ಬರೆಯುವುದರಲ್ಲಿ ಕೈ ಚುರುಕಾಗಿದ್ದುದರಿಂದ ಅವನನ್ನು ಶುಲ್ಕವಿಲ್ಲದೆ ರೇಖಾಚಿತ್ರ ಕಲಿಸುವ ಶಾಲೆಗೆ ಸೇರಿಸಿದರು. ಯಾವನಾದರೊಬ್ಬ ವಾಸ್ತುಶಿಲ್ಪಿಯ ಕಚೇರಿಯಲ್ಲಿ ನಕ್ಷೆ ಬರೆದು ನಾಲ್ಕು ಕಾಸು ತಂದರೆ ಸಾಕೆಂಬಷ್ಟೇ ಮನೆಯವರ ಆಸೆ. ಮನೆತನದಲ್ಲಿ ಮೊದಲಿಗರಾಗಿ ಕಾಲೇಜಿನ ಮೆಟ್ಟಿಲು ಹತ್ತಿದ ನಮ್ಮಲ್ಲಿ ಅನೇಕರಿಗೆ ಈ ಲೆಕ್ಕಾಚಾರವನ್ನು ಬಿಡಿಸಿ ಹೇಳಬೇಕಾಗಿಲ್ಲ.

1842ರಲ್ಲಿ ಗಾರ್ನಿಯೆಗೆ ಪ್ಯಾರಿಸ್ಸಿನ ಲಲಿತಕಲಾ ಮಹಾಶಾಲೆಯಲ್ಲಿ ಪ್ರವೇಶ ದೊರೆಯಿತು. ಹೊಟ್ಟೆಪಾಡಿಗಾಗಿ ಆತನು ವಿಯೊಲೆ-ಲ-ದ್ಯುಕ್ ಎಂಬ ವಾಸ್ತುಶಿಲ್ಪಿಯ ಬಳಿ ಕೂಲಿಗೆ ನಕ್ಷೆ ಬರೆದನು. ಈ ಹೆಸರನ್ನು ವಾಚಕರು ನೆನಪಿನಲ್ಲಿಟ್ಟುಕೊಳ್ಳಬೇಕು, ಮುಂದೆ ಮತ್ತೊಮ್ಮೆ ಬರುವುದು. 1848ರಲ್ಲಿ ಗಾರ್ನಿಯೆಯು ಆ ಮಹಾಶಾಲೆಯ ಅತ್ಯುನ್ನತ ಗೌರವವಾದ ರೋಮ್ ಪಾರಿತೋಷಕವನ್ನು ಗೆದ್ದನು. ಸರ್ಕಾರದ ಖರ್ಚಿನಲ್ಲಿ ಕೆಲವು ವರ್ಷ ರೋಮಿನಲ್ಲಿದ್ದು, ಅಲ್ಲಿಂದ ಗ್ರೀಸಿಗೂ ತುರ್ಕಿಗೂ ಹೋಗಿಬಂದನು. ಗ್ರೀಸಿನ ಹಳೆಯ ದೇವಾಲಯಗಳು ಮೂಲದಲ್ಲಿ ಬರಿಯ ಬಿಳಿಗಲ್ಲಾಗಿರದೆ ಬಣ್ಣ ಬಳಿದುಕೊಂಡು ಹೊಳೆಯುತ್ತಿದ್ದುವೆಂಬುದು ಅವನ ಮನಸ್ಸಿನಲ್ಲಿ ಬಲವಾಗಿ ನಾಟಿತು. ಹಿಂದಿರುಗಿದ ಮೇಲೆ ಹಲವು ವರ್ಷ ಸಣ್ಣಪುಟ್ಟ ಸರ್ಕಾರಿ ಕೆಲಸಗಳೇ ಅವನ ಪಾಲಿಗೆ ಬಂದುವು. ಅವುಗಳನ್ನು ಕುರಿತು ಬರೆಯುವಂಥದೇನೂ ಇಲ್ಲ.

1858ರ ಜನವರಿ 14ರಂದು ಸಂಗೀತನಾಟಕಕ್ಕೆ ಬರುತ್ತಿದ್ದ ಚಕ್ರವರ್ತಿ ಮೂರನೆಯ ನೆಪೋಲಿಯನ್ನನ ಮೇಲೆ ನಾಟಕಶಾಲೆಯ ಮುಂದಿನ ಇಕ್ಕಟ್ಟಾದ ಬೀದಿಯಲ್ಲಿ ಬಾಂಬುಗಳನ್ನೆಸೆದರು. ಚಕ್ರವರ್ತಿ ಉಳಿದುಕೊಂಡನು, ದಾರಿಯಲ್ಲಿದ್ದ ಹಲವರು ಸತ್ತರು. ವಿಶಾಲವಾದ ಜಾಗದಲ್ಲಿ ಹೊಸ ಒಪೆರಾ ಮಂದಿರವನ್ನು ಕಟ್ಟಬೇಕೆಂಬ ನಿರ್ಧಾರ ಇದರಿಂದ ಗಟ್ಟಿಯಾಯಿತು. ನಕ್ಷೆಗಾಗಿ ನಡೆದ ಸ್ಪರ್ಧೆಗೆ ಸುಮಾರು 170 ಮಂದಿ ಬಂದರು. ರಾಣಿಯ ಒಲವು ವಿಯೊಲೆ-ಲ-ದ್ಯುಕ್‌ನ ಕಡೆಗಿತ್ತು. ಗಾರ್ನಿಯೆ ಮೊದಲ ಸುತ್ತಿನಲ್ಲಿ ಐದನೆಯವನಾಗಿ ಉಳಿದು, 1861ರಲ್ಲಿ ಎರಡನೆಯ ಸುತ್ತಿನಲ್ಲಿ ಸರ್ವಾನುಮತದಿಂದ ಗೆದ್ದನು. ಕೂಲಿಗೆ ನಕ್ಷೆ ಬರೆದವನ ಮುಂದೆ ಬರೆಸಿಕೊಂಡವನು ಸೋತನು!

ಗೆದ್ದುದಕ್ಕಿಂತ ಕಟ್ಟಿದುದೇ ಕಷ್ಟ. ಪಾಯ ತೋಡಿದರೆ ನೀರು ಉಕ್ಕಿತು. 1862ರಲ್ಲಿ ಎಂಟು ತಿಂಗಳ ಕಾಲ ಹಬೆಯಂತ್ರಗಳು ಹಗಲೂ ರಾತ್ರಿಯೂ ನೀರೆತ್ತಿದುವು. ಕೊನೆಗೆ ರಂಗದ ಅಡಿಯಲ್ಲಿ ಕಾಂಕ್ರೀಟಿನ ದೊಡ್ಡ ತೊಟ್ಟಿಯೊಂದನ್ನು ಕಟ್ಟಿ ಗಾರ್ನಿಯೆ ಆ ನೀರನ್ನು ಅಂಕೆಗೆ ತಂದನು. ಆ ತೊಟ್ಟಿಯಲ್ಲಿ ಇಂದಿಗೂ ನೀರಿದೆ. 1870ರಲ್ಲಿ ಪ್ರಷ್ಯದೊಡನೆ ಯುದ್ಧವಾಗಿ ಚಕ್ರಾಧಿಪತ್ಯವೇ ಮುರಿದುಬಿತ್ತು. ಮುತ್ತಿಗೆಯ ತಿಂಗಳುಗಳಲ್ಲಿ ಅರ್ಧ ಕಟ್ಟಿದ ಮಂದಿರವು ದವಸಧಾನ್ಯಗಳ ಉಗ್ರಾಣವಾಯಿತು. ಹಸಿವಿನಿಂದ ದೇಹ ಕೆಟ್ಟ ಗಾರ್ನಿಯೆ ಇಟಲಿಗೆ ಹೋಗಿ ಸುಧಾರಿಸಿಕೊಳ್ಳಬೇಕಾಯಿತು. ಹೊಸ ಪ್ರಜಾಸರ್ಕಾರಕ್ಕೆ ಹಳೆಯ ದೊರೆಯ ಈ ಮಂದಿರದ ಮೇಲೆ ಪ್ರೀತಿಯಿರಲಿಲ್ಲ. ಆದರೆ 1873ರ ಅಕ್ಟೋಬರಿನಲ್ಲಿ ಹಳೆಯ ನಾಟಕಶಾಲೆಯು ಬೆಂಕಿಗೆ ಆಹುತಿಯಾದ ಮೇಲೆ ಬೇರೆ ದಾರಿಯಿಲ್ಲದೆ ಕೆಲಸವನ್ನು ಮುಗಿಸಬೇಕಾಯಿತು. 1875ರ ಜನವರಿ 5ರಂದು ಮಂದಿರವು ತೆರೆಯಿತು. ಆ ರಾತ್ರಿ ಅದನ್ನು ಕಟ್ಟಿದವನು ತನ್ನ ಆಸನಕ್ಕೆ ತಾನೇ ಹಣ ಕೊಡಬೇಕಾಯಿತು. ಅದೂ ಎರಡನೆಯ ಅಂತಸ್ತಿನಲ್ಲಿ.

ಇನ್ನು ತೂಗುದೀಪದ ವಿಚಾರ. ಸಭಾಂಗಣದ ನಡುನೆತ್ತಿಯಿಂದ ಕಂಚು ಮತ್ತು ಸ್ಫಟಿಕಗಳ ಒಂದು ಮಹಾ ಗೊಂಚಲನ್ನು ಗಾರ್ನಿಯೆ ಇಳಿಬಿಟ್ಟನು. ಅದರ ತೂಕ ಏಳು ಟನ್. ಅದರಲ್ಲಿ 340 ದೀಪಗಳು, ಎಲ್ಲವೂ ಮೊದಲಿಗೆ ಅನಿಲದಿಂದ ಉರಿಯುತ್ತಿದ್ದವು. ಇದಕ್ಕಾದ ವೆಚ್ಚ 30,000 ಚಿನ್ನದ ಫ್ರಾಂಕು. ನಾಟಕಶಾಲೆಗೆ ಬರುವ ಜನರು ರಂಗವನ್ನು ನೋಡುವಂತೆಯೇ ಒಬ್ಬರನ್ನೊಬ್ಬರು ನೋಡಲೂ ಬರುತ್ತಾರೆ, ಆದುದರಿಂದ ಬೆಳಕು ಎಲ್ಲರ ಮುಖದ ಮೇಲೂ ಬೀಳಬೇಕು ಎಂಬುದು ಗಾರ್ನಿಯೆಯ ಮತ. ಮರುವರ್ಷವೇ ಜರ್ಮನಿಯ ಬೈರಾಯ್ಟಿನಲ್ಲಿ ವಾಗ್ನರನು ಸಭಾಂಗಣವನ್ನು ಕತ್ತಲೆ ಮಾಡಿ ಇದಕ್ಕೆ ನೇರ ವಿರುದ್ಧವಾದ ಪಂಥವನ್ನು ಹಿಡಿದನು. ಮುಂದೆ ಲೋಕವು ನಡೆದುದು ವಾಗ್ನರನ ದಾರಿಯಲ್ಲಿ. ಆದರೆ ಅನಿಲದ ಕಾಲದಲ್ಲಿ ನಡುದೀಪಕ್ಕೆ ಇನ್ನೊಂದು ಉಪಯೋಗವಿತ್ತು. ಅದರ ಕಾವು ಮೇಲಕ್ಕೇರುವಾಗ ಸಭಾಂಗಣದ ಬಿಸಿಗಾಳಿಯನ್ನೂ ತನ್ನೊಡನೆ ಎಳೆದುಕೊಂಡು ಹೋಗುತ್ತಿತ್ತು.

ಈ ದೀಪಕ್ಕೆ ಟೀಕೆ ಬಾರದೆ ಇರಲಿಲ್ಲ. ಲನಪ್ವ್ಯೂ ಎಂಬ ಚಿತ್ರಕಾರನು ಮೇಲ್ಛಾವಣಿಯಲ್ಲಿ ಬರೆದ ಚಿತ್ರವನ್ನು ಅದು ಮರೆಮಾಡಿತು. ನಾಲ್ಕನೆಯ ಅಂತಸ್ತಿನಲ್ಲಿ ಕುಳಿತವರಿಗೆ ರಂಗವೇ ಕಾಣದಂತೆ ಅಡ್ಡವಾಯಿತು. ಗಾರ್ನಿಯೆಗೆ ಇದೆಲ್ಲ ಮೊದಲೇ ಗೊತ್ತಿತ್ತು. 1871ರಲ್ಲಿ ಅಚ್ಚಾದ ತನ್ನ ಗ್ರಂಥದಲ್ಲಿ ಆ ಆಕ್ಷೇಪಣೆಗಳಿಗೆ ಮುಂದಾಗಿಯೇ ಉತ್ತರ ಕೊಟ್ಟು, ತೂಗುದೀಪವಿಲ್ಲದ ಸಭಾಂಗಣಕ್ಕೆ ಕಳೆಯಿಲ್ಲವೆಂದು ವಾದಿಸಿದ್ದನು. ಅವನ ವಾದದಲ್ಲಿ ಸತ್ಯವಿಲ್ಲದಿಲ್ಲ. ಆದರೂ ನನಗೊಂದು ಮಾತು ಹೇಳದೆ ಇರಲಾಗದು. ನಾಲ್ಕನೆಯ ಅಂತಸ್ತು ಸಿರಿವಂತರು ಕೂರುವ ಜಾಗವಲ್ಲ. ಕಮ್ಮಾರನ ಮಗನು ಕಟ್ಟಿದ ಮಂದಿರದಲ್ಲಿ ಕಮ್ಮಾರರಂಥವರು ಟಿಕೀಟು ಕೊಂಡು ಬಂದರೆ ಎಲ್ಲಿಗೆ ಹತ್ತುತ್ತಿದ್ದರೋ ಅಲ್ಲಿಂದಲೇ ನೋಟಕ್ಕೆ ಅಡ್ಡಿಯಾಯಿತು.

ಏಳು ಟನ್ ತೂಕವನ್ನು ಏರಿಸಿ ಇಳಿಸುವುದು ಹೇಗೆ? ಹೊಲದ ಏತವನ್ನು ಕಂಡವರಿಗೆ ಇದು ಸುಲಭವಾಗಿ ತಿಳಿಯುತ್ತದೆ. ಏತದ ಒಂದು ತುದಿಗೆ ನೀರಿನ ಬಾನಿ, ಇನ್ನೊಂದು ತುದಿಗೆ ಕಲ್ಲು. ಕಲ್ಲಿನ ಭಾರವು ನೀರಿನ ಭಾರವನ್ನು ಸರಿದೂಗಿಸುವುದರಿಂದ ಒಬ್ಬನೇ ಆಳು ಬಾನಿಯನ್ನೆತ್ತಬಲ್ಲನು. ರಂಗಮಂದಿರದಲ್ಲಿಯೂ ಹೀಗೆಯೇ. ತೂಗುದೀಪದ ಹಗ್ಗಗಳು ಮೇಲಿನ ರಾಟೆಗಳನ್ನು ಬಳಸಿ ಹೋಗಿ ಮತ್ತೊಂದು ಕಡೆಯಲ್ಲಿ ಎದುರುತೂಕದ ಗುಂಡುಗಳಿಗೆ ಸೇರುತ್ತವೆ. ದೀಪವನ್ನು ಒರೆಸಬೇಕಾದಾಗ ಅದನ್ನು ಮೇಲ್ಛಾವಣಿಯ ಕಂಡಿಯೊಳಗಿಂದ ಗುಮ್ಮಟದ ಪೊಳ್ಳಿಗೆ ಎಳೆದುಕೊಳ್ಳುವಂತೆ ಏರ್ಪಾಡಿತ್ತು. ಕೆಳಗೆ ಕುಳಿತವರ ಕಣ್ಣಿಗೆ ಬೀಳುವುದು ದೀಪ ಮಾತ್ರ. ಎದುರುತೂಕವೂ, ರಾಟೆಯೂ, ಹಗ್ಗವನ್ನು ಕಾಯುವ ಕೆಲಸಗಾರನೂ ಕಾಣುವುದಿಲ್ಲ.

ಅಷ್ಟರಲ್ಲಿ ವಿದ್ಯುತ್ತಿನ ಕಾಲ ಬಂತು. ಪ್ಯಾರಿಸ್ ಒಪೆರಾಕ್ಕೆ ವಿದ್ಯುತ್ತು ತೀರ ಹೊಸದಲ್ಲ. 1849ರಲ್ಲಿಯೇ ಹಳೆಯ ಮಂದಿರದಲ್ಲಿ, ಮೈಯರ್‌ಬೇರ್‌ನ ಒಂದು ಸಂಗೀತನಾಟಕಕ್ಕಾಗಿ, ಇದ್ದಿಲ ಕಡ್ಡಿಗಳ ನಡುವೆ ವಿದ್ಯುತ್ ಕಿಡಿ ಹಾಯಿಸಿ ರಂಗದ ಮೇಲೆ ಸೂರ್ಯೋದಯವನ್ನು ತೋರಿಸಿದ್ದರು. ಆದರೆ ಅನಿಲವನ್ನು ಬಿಡುವಂತೆ ಮಾಡಿದುದು ಬೆಂಕಿಯ ಭಯ. 1881ರ ಡಿಸೆಂಬರಿನಲ್ಲಿ ವಿಯೆನ್ನದ ರಿಂಗ್ ನಾಟಕಶಾಲೆಯಲ್ಲಿಯೂ, 1887ರ ಮೇ ತಿಂಗಳಲ್ಲಿ ಪ್ಯಾರಿಸ್ಸಿನ ಒಪೆರಾ-ಕೊಮಿಕ್‌ನಲ್ಲಿಯೂ ಪ್ರೇಕ್ಷಕರು ಗುಂಪುಗುಂಪಾಗಿ ಸುಟ್ಟು ಸತ್ತಿದ್ದರು. ಗಾರ್ನಿಯೆಯ ಮಂದಿರಕ್ಕೂ ವಿದ್ಯುದ್ದೀಪಗಳು ಬಂದುವು. ಅನಿಲಕ್ಕೆಂದು ತೂಗುಹಾಕಿದ ದೀಪದ ನೆರೆಗೆ, ಹಗ್ಗಗಳಿರುವ ಎಡೆಗೆ, ವಿದ್ಯುತ್ ತಂತಿಗಳೂ ಬಂದು ಸೇರಿದುವು.

1896ರ ಮೇ 20ರ ರಾತ್ರಿ 'ಎಲ್ಲೆ' ಎಂಬ ಸಂಗೀತನಾಟಕ ನಡೆಯುತ್ತಿತ್ತು. ಇದ್ದಕ್ಕಿದ್ದಂತೆ ಎದುರುತೂಕದ ಗುಂಡೊಂದು ಕಳಚಿ, ಛಾವಣಿಯನ್ನು ಒಡೆದುಕೊಂಡು ಸಭಾಂಗಣಕ್ಕೆ ಬಿದ್ದಿತು. ವಿದ್ಯುತ್ ತಂತಿಯ ಶಾಖಕ್ಕೆ ಅದರ ಉಕ್ಕಿನ ಹಗ್ಗ ಕರಗಿತೆಂದು ಕಾರಣ ಹೇಳಿದರು. ಮೇಲಿನ ಅಗ್ಗದ ಆಸನಗಳಲ್ಲಿ ಕುಳಿತಿದ್ದ ಒಬ್ಬ ಹೆಂಗಸು ಸತ್ತಳು. ಆಕೆ ಯಾವುದೋ ಮನೆಯ ಬಾಗಿಲು ಕಾಯುವ ಕೆಲಸದವಳು. ದೀಪವೇನೋ ಬೀಳಲಿಲ್ಲ, ತನ್ನ ಸ್ಥಳದಲ್ಲಿಯೇ ಉಳಿಯಿತು. ದೀಪದಿಂದ ಯಾರ ನೋಟಕ್ಕೆ ಅಡ್ಡಿಯಾಗಿತ್ತೋ ಅವರ ನಡುವೆಯೇ ಅದರ ಎದುರುತೂಕವೂ ಬಿದ್ದಿತೆಂಬುದನ್ನು ಮಾತ್ರ ನಾನು ಮರೆಯಲಾರೆನು.

ಇದಕ್ಕೆ ಗಾರ್ನಿಯೆಯನ್ನು ದೂಷಿಸಬಹುದೆ? ನನಗೆ ಹಾಗೆ ತೋರದು. ಇಪ್ಪತ್ತೊಂದು ವರ್ಷ ಆ ಹಗ್ಗಗಳು ಭಾರವನ್ನು ಹೊತ್ತಿದ್ದುವು. ಭಾರ ಹೊರುವ ಹಗ್ಗವನ್ನೂ ವಿದ್ಯುತ್ತು ಹರಿಯುವ ತಂತಿಯನ್ನೂ ಒಂದಕ್ಕೊಂದು ತಾಗದಂತೆ ಬೇರೆಬೇರೆಯಾಗಿಡಬೇಕೆಂಬ ಪಾಠವನ್ನು ಲೋಕವು ಆಗಿನ್ನೂ ಕಲಿಯುತ್ತಿತ್ತು. ಗಾರ್ನಿಯೆಗೆ ಆಗ ಎಪ್ಪತ್ತು ವರ್ಷ. ಅಷ್ಟರಲ್ಲಿ ಮಾಂಟೆ ಕಾರ್ಲೊವಿನ ನಾಟಕಶಾಲೆ, ನೀಸ್ ನಗರದ ಖಗೋಲ ವೀಕ್ಷಣಾಲಯ ಮೊದಲಾದುವನ್ನು ಕಟ್ಟಿ ಕೀರ್ತಿವಂತನಾಗಿದ್ದನು. ಆ ವೀಕ್ಷಣಾಲಯದ ತಿರುಗುವ ಗುಮ್ಮಟವನ್ನು ಮಾಡಿದವನು ಐಫೆಲ್. ಅದೇ ಐಫೆಲನ ಗೋಪುರವು ಪ್ಯಾರಿಸ್ಸಿಗೆ ಕಳಂಕವೆಂದು 1887ರಲ್ಲಿ ಪ್ರತಿಭಟಿಸಿದವರಲ್ಲಿ ಗಾರ್ನಿಯೆಯೂ ಒಬ್ಬನು! 1898ರ ಆಗಸ್ಟ್ 3ರಂದು ಪ್ಯಾರಿಸ್ಸಿನಲ್ಲಿ ಆತನು ತೀರಿಕೊಂಡನು.

ಸತ್ತ ಮೇಲೆ ಅವನ ದೀಪಕ್ಕೆ ಬೇರೊಂದು ಬಾಳು ಬಂದಿತು. ಗಾಸ್ತೋಂ ಲರೂ ಎಂಬ ಕಾದಂಬರಿಕಾರನು 1910ರಲ್ಲಿ ಪುಸ್ತಕವಾಗಿ ಬಂದ ತನ್ನ 'ಒಪೆರಾದ ಭೂತ' ಕತೆಯಲ್ಲಿ ನೆಲದಡಿಯ ನೀರನ್ನು ಸರೋವರ ಮಾಡಿದನು, ಎದುರುತೂಕದ ಬದಲಿಗೆ ಇಡೀ ತೂಗುದೀಪವನ್ನೇ ಬೀಳಿಸಿದನು. ಕತೆಯೊಳಗಿನ ಪತ್ರಿಕೆಯಲ್ಲಿ ಅದರ ತೂಕ ಎರಡು ಲಕ್ಷ ಕಿಲೋಗ್ರಾಂ ಆಗಿಹೋಯಿತು. 1986ರಲ್ಲಿ ಲಂಡನ್ನಿನಲ್ಲಿ ಆಂಡ್ರೂ ಲಾಯ್ಡ್ ವೆಬ್ಬರ್ ಅದನ್ನು ಸಂಗೀತನಾಟಕವಾಗಿಸಿದ ಮೇಲಂತೂ ದೀಪವು ಪ್ರತಿರಾತ್ರಿಯೂ ಬೀಳತೊಡಗಿತು. ನ್ಯೂಯಾರ್ಕಿನಲ್ಲಿ 1988ರಿಂದ 2023ರ ಏಪ್ರಿಲ್ 16ರವರೆಗೆ ಆ ನಾಟಕವು 13,981 ಬಾರಿ ನಡೆಯಿತು. ಅಲ್ಲಿಯ ನಕಲುದೀಪ ಸುಮಾರು ಒಂದು ಟನ್ ತೂಕದ್ದು. ಮೊದಲು ಅದು ರಂಗದ ಮೇಲೆ ಬಟ್ಟೆ ಹೊದ್ದು ಕುಳಿತಿರುತ್ತದೆ. ಬಟ್ಟೆ ಸರಿದೊಡನೆ ಹೊತ್ತಿಕೊಂಡು ಪ್ರೇಕ್ಷಕರ ತಲೆಯ ಮೇಲಕ್ಕೆ ಏರುತ್ತದೆ. ಮೊದಲ ಅಂಕದ ಕೊನೆಗೆ ರಂಗದ ಕಡೆಗೆ ಧುಮುಕುತ್ತದೆ. ನೋಡುವವರಿಗೆ ಅದು ಬಿದ್ದಂತೆ. ನಿಜದಲ್ಲಿ ಮೋಟಾರು ಅದನ್ನು ಉಕ್ಕಿನ ಹಗ್ಗಗಳಲ್ಲಿ ಹಿಡಿದು, ಗೊತ್ತಾದ ವೇಗದಲ್ಲಿ ಇಳಿಸುತ್ತದೆ.

ಹೀಗೆ ವಿದ್ಯುದ್ದೀಪವನ್ನು ಜನರ ತಲೆಯ ಮೇಲೆ ತೂಗುವ ಇಂದಿನ ರಂಗಕೆಲಸಗಾರರು ಪಾಲಿಸುವ ನಿಯಮಗಳಲ್ಲಿ 1896ರ ಆ ರಾತ್ರಿಯ ನೆರಳು ನನಗೆ ಕಾಣುತ್ತದೆ. ವಿದ್ಯುತ್ ತಂತಿಯ ಮೇಲೆ ತೂಕವನ್ನು ಎಂದಿಗೂ ಹೊರಿಸಬಾರದು. ತೂಕವೆಲ್ಲ ಉಕ್ಕಿನ ಹಗ್ಗದ್ದು. ಹಗ್ಗವು ಹೊರಬೇಕಾದ ಭಾರದ ಹಲವು ಪಟ್ಟನ್ನು ತಾಳುವಂತಿರಬೇಕು. ದೀಪ ಏರಿಳಿಯುವಾಗ ತಂತಿಯು ಬಿಗಿಯದಂತೆಯೂ ರಾಟೆಗೆ ಸಿಕ್ಕದಂತೆಯೂ ಸಡಿಲವಾಗಿ ಹಿಂಬಾಲಿಸಬೇಕು. ವಿದ್ಯುತ್ತು ನಿಂತರೆ ಮೋಟಾರಿನ ತಡೆ ತಾನಾಗಿಯೇ ಕಚ್ಚಿಕೊಳ್ಳಬೇಕು. ಪ್ರದರ್ಶನಕ್ಕೆ ಮುಂಚೆ, ಕೆಳಗೆ ಯಾರೂ ಇಲ್ಲದಿರುವಾಗ, ಒಬ್ಬನು ಮೇಲೆ ಹತ್ತಿ ಎಲ್ಲವನ್ನೂ ಕೈಯಿಂದ ಮುಟ್ಟಿ ನೋಡಬೇಕು.

ಪ್ಯಾರಿಸ್ಸಿನ ನಿಜವಾದ ತೂಗುದೀಪವು ಗಾರ್ನಿಯೆ ತೂಗಿದ ಸ್ಥಳದಲ್ಲಿಯೇ ಇದೆ. 1964ರಲ್ಲಿ ಮಾರ್ಕ್ ಷಗಾಲ್ ಬರೆದ ಹೊಸ ಚಿತ್ರವು ಲನಪ್ವ್ಯೂವಿನ ಚಿತ್ರದ ಕೆಳಗೆ ಬಂದು ಅದನ್ನು ಮುಚ್ಚಿತು. ಹಿಂದೆ ದೀಪವನ್ನು ಎಳೆದುಕೊಳ್ಳುತ್ತಿದ್ದ ಗುಮ್ಮಟದ ಪೊಳ್ಳಿನಲ್ಲಿ 1980ರ ದಶಕದಲ್ಲಿ ಎರಡು ಅಂತಸ್ತು ಕಟ್ಟಿ ನೃತ್ಯಾಭ್ಯಾಸದ ಕೋಣೆಗಳನ್ನು ಮಾಡಿದರು. ದೀಪಕ್ಕೆ ಮೇಲೆ ಹೋಗಲು ಈಗ ಎಡೆಯಿಲ್ಲ. ಆದುದರಿಂದ ಅದನ್ನು ಒರೆಸಬೇಕಾದಾಗ ಕೆಳಕ್ಕೆ ಇಳಿಸಿಕೊಳ್ಳುತ್ತಾರೆ.