ದಿನಕ್ಕೆ ಎರಡು ಪೈಸೆ

ಈ ಸಂಚಿಕೆಗೆ ಊರಿನ ಹಿರಿಯರೊಬ್ಬರ ಬಗ್ಗೆ ಬರೆದುಕೊಡಿ ಎಂದಾಗ ನಾನು ಆರಿಸಿಕೊಂಡದ್ದು ಕುದ್ಮುಲ್ ರಂಗರಾಯರನ್ನು. ಮಂಗಳೂರಿನ ಪುರಭವನಕ್ಕೆ ಅವರದೇ ಹೆಸರು. ಅಲ್ಲಿ ನಾಟಕ, ಯಕ್ಷಗಾನ ನೋಡಿ ನೈರೋಬಿಗೆ ಬಂದ ಎಷ್ಟೋ ಮಂದಿಗೆ ಅವರು ಬರೀ ಹೆಸರಾಗಿಯೇ ಉಳಿದಿದ್ದಾರೆ.

ಹುಟ್ಟಿದ್ದು 1859ರ ಜೂನ್ 29ರಂದು, ಕಾಸರಗೋಡಿನ ಕುದ್ಮುಲ್‌ನ ಸಾರಸ್ವತ ಮನೆತನದಲ್ಲಿ. ಚಿಕ್ಕಂದಿನಲ್ಲೇ ತಂದೆ ತೀರಿಕೊಂಡರು. ಮಂಗಳೂರಿಗೆ ಬಂದು ಮೇಷ್ಟರಾಗಿ ದುಡಿಯುತ್ತಲೇ ಓದಿ ವಕೀಲರಾದರು. ಬಡವರ ವಕೀಲರೆಂದು ಹೆಸರಾಯಿತು. ಓದಿದ ದಲಿತ ಯುವಕನೊಬ್ಬನಿಗೆ ಕೋರ್ಟಿನಲ್ಲಿ ಜವಾನನ ಕೆಲಸ ಸಿಕ್ಕಿದಾಗ ಮೇಲ್ಜಾತಿಯವರು ಅಡ್ಡ ಬಂದರು. ರಂಗರಾಯರು ಅವನ ಪರ ನಿಂತರು.

ಕೋರ್ಟಿನಲ್ಲಿ ಒಬ್ಬನಿಗೆ ನ್ಯಾಯ ಕೊಡಿಸಿದರೆ ಸಾಲದು, ಓದಿದವರೇ ಬೆರಳೆಣಿಕೆಯಷ್ಟಿದ್ದರೆ ಕೇಳುವವರು ಯಾರು? 1890ರ ದಶಕದಲ್ಲಿ ದಲಿತ ಮಕ್ಕಳಿಗಾಗಿ ಶಾಲೆ ತೆರೆದರು. 1897ರಲ್ಲಿ ಡಿಪ್ರೆಸ್ಡ್ ಕ್ಲಾಸಸ್ ಮಿಷನ್ ಕಟ್ಟಿದರು. ಸ್ವಜಾತಿಯವರು ಬಹಿಷ್ಕಾರ ಹಾಕಿದರು. ಆ ಶಾಲೆಯಲ್ಲಿ ಕಲಿಸಲು ಮೇಲ್ಜಾತಿಯ ಮೇಷ್ಟರು ಸಿಗದೆ ಕ್ರೈಸ್ತರನ್ನೂ ಬ್ರಹ್ಮಸಮಾಜದವರನ್ನೂ ಕರೆತಂದರು.

ಅದಕ್ಕಿಂತ ಕಷ್ಟದ್ದು ಮಕ್ಕಳನ್ನು ಕರೆತರುವುದು. ಮಗು ಶಾಲೆಗೆ ಹೋದರೆ ಮನೆಗೆ ಒಂದು ಕೂಲಿ ತಪ್ಪುತ್ತಿತ್ತು. ರಂಗರಾಯರು ತಂದೆತಾಯಿಗೆ ಉಪದೇಶ ಮಾಡುತ್ತ ಕೂರಲಿಲ್ಲ. ಬಂದ ಮಗುವಿಗೆ ದಿನಕ್ಕೆ ಎರಡು ಪೈಸೆ ಕೊಟ್ಟರು, ಮಧ್ಯಾಹ್ನ ಊಟ ಹಾಕಿದರು. ಅವರ ಬದುಕಿನಲ್ಲಿ ನನಗೆ ಎಲ್ಲಕ್ಕಿಂತ ದೊಡ್ಡದಾಗಿ ಕಾಣುವುದು ಇದೇ. 2003ರಲ್ಲಿ ಕೀನ್ಯಾದ ಸರ್ಕಾರಿ ಪ್ರಾಥಮಿಕ ಶಾಲೆಗಳ ಶುಲ್ಕ ರದ್ದಾದಾಗ ತರಗತಿಗಳು ತುಂಬಿ ತುಳುಕಿದ್ದು ನಮ್ಮಲ್ಲಿ ಹಳಬರಿಗೆ ನೆನಪಿರಬಹುದು. ಮರುವರ್ಷ ಕಿಮಾನಿ ಮರುಗೆ ಎಂಬ ಅಜ್ಜ ಎಂಬತ್ತು ದಾಟಿದ ಮೇಲೆ ಒಂದನೇ ತರಗತಿಗೆ ಸೇರಿದರು. ಅಷ್ಟು ವರ್ಷ ಅವರಿಗೆ ಇಲ್ಲದಿದ್ದದ್ದು ಓದುವ ಆಸೆಯಂತೂ ಅಲ್ಲ.

ಹೊರಗೆ ಹೇಳಿದ್ದನ್ನು ರಂಗರಾಯರು ಮನೆಯಲ್ಲೂ ನಡೆಸಿದರು. ಮಗಳು ರಾಧಾಬಾಯಿ ಮದುವೆಯಾದದ್ದು ಬೇರೆ ಜಾತಿಯ, ತಮಿಳುನಾಡಿನ ಪಿ. ಸುಬ್ಬರಾಯನ್ ಅವರನ್ನು. ಅಳಿಯ ಮುಂದೆ ಮದ್ರಾಸ್ ಪ್ರಾಂತ್ಯದ ಮುಖ್ಯಮಂತ್ರಿಯಾದರು. ಮಗಳು 1930ರಲ್ಲಿ ಲಂಡನ್ನಿನ ದುಂಡುಮೇಜಿನ ಪರಿಷತ್ತಿಗೆ ಹೋದರು. ಮೊಮ್ಮಗ ಜನರಲ್ ಕುಮಾರಮಂಗಲಂ ಭಾರತದ ಸೇನಾ ಮುಖ್ಯಸ್ಥರಾದರು.

ರಂಗರಾಯರಿಗೆ ಇದ್ದ ಆಸೆಯೇ ಬೇರೆ. ತನ್ನ ಶಾಲೆಯಲ್ಲಿ ಕಲಿತ ಮಗು ದೊಡ್ಡ ಅಧಿಕಾರಿಯಾಗಿ ಊರ ಬೀದಿಯಲ್ಲಿ ಕಾರಿನಲ್ಲಿ ಓಡಾಡಬೇಕು, ಆ ಧೂಳು ತನ್ನ ತಲೆಗೆ ತಾಗಬೇಕು ಎಂದು ಹಂಬಲಿಸಿದ್ದರು. 1928ರ ಜನವರಿ 30ರಂದು ತೀರಿಕೊಂಡರು. ತನ್ನ ಹೆಣವನ್ನು ದಲಿತರೇ ಹೊರಬೇಕೆಂದು ಮೊದಲೇ ಬರೆದಿಟ್ಟಿದ್ದರು.