ತಪ್ಪಿದಾಗ ಮಾತ್ರ ಕಲಿತ ಯಂತ್ರ: ಫ್ರಾಂಕ್ ರೋಸೆನ್‌ಬ್ಲಾಟ್

ಅಭ್ಯಾಸ ಬೋಧನೆಯ ಎರಡನೆಯ ವಾರ ಏಳನೆಯ ತರಗತಿಗೆ ಒಬ್ಬ ವಿಜ್ಞಾನಿಯ ಬದುಕನ್ನು ಪರಿಚಯಿಸುವ ಪಾಠ ನನ್ನ ಪಾಲಿಗೆ ಬಂತು. ಯಂತ್ರಗಳೂ ಕಲಿಯುತ್ತವೆ ಎಂಬ ಮಾತು ಈಗ ಮಕ್ಕಳ ಕಿವಿಗೂ ಬಿದ್ದಿದೆ. ಆದ್ದರಿಂದ ಆ ಕೆಲಸಕ್ಕೆ ಮೊದಲಿಗೆ ಕೈಹಾಕಿದವರಲ್ಲಿ ಒಬ್ಬರಾದ ಫ್ರಾಂಕ್ ರೋಸೆನ್‌ಬ್ಲಾಟ್ ಅವರನ್ನು ಆರಿಸಿಕೊಂಡೆ. ಅವರು ಮೂಲತಃ ಎಂಜಿನಿಯರ್ ಅಲ್ಲ, ಮನೋವಿಜ್ಞಾನಿ ಎಂಬುದು ನನ್ನನ್ನು ಹೆಚ್ಚು ಸೆಳೆಯಿತು.

ರೋಸೆನ್‌ಬ್ಲಾಟ್ ಹುಟ್ಟಿದ್ದು 1928ರ ಜುಲೈ 11ರಂದು, ಅಮೆರಿಕದ ನ್ಯೂಯಾರ್ಕ್ ರಾಜ್ಯದ ನ್ಯೂ ರೋಶೆಲ್‌ನಲ್ಲಿ. ಓದಿದ್ದು ಬ್ರಾಂಕ್ಸ್ ಹೈಸ್ಕೂಲ್ ಆಫ್ ಸೈನ್ಸ್‌ನಲ್ಲಿ. ಮುಂದೆ ಅವರ ಕೆಲಸದ ದೊಡ್ಡ ವಿಮರ್ಶಕರಾದ ಮಾರ್ವಿನ್ ಮಿನ್ಸ್ಕಿ ಕೂಡ ಅದೇ ಶಾಲೆಯಲ್ಲಿ ಓದಿದವರು. ರೋಸೆನ್‌ಬ್ಲಾಟ್ 1950ರಲ್ಲಿ ಕಾರ್ನೆಲ್ ವಿಶ್ವವಿದ್ಯಾಲಯದಿಂದ ಪದವಿಯನ್ನೂ 1956ರಲ್ಲಿ ಅಲ್ಲಿಂದಲೇ ಮನೋವಿಜ್ಞಾನದಲ್ಲಿ ಡಾಕ್ಟರೇಟನ್ನೂ ಪಡೆದರು. ಬಳಿಕ ಬಫಲೋ ನಗರದಲ್ಲಿದ್ದ ಕಾರ್ನೆಲ್ ಏರೋನಾಟಿಕಲ್ ಪ್ರಯೋಗಾಲಯದಲ್ಲಿ ಕೆಲಸ ಮಾಡಿದರು.

ಮೆದುಳು ನೋಡಿದ್ದನ್ನು ಹೇಗೆ ಗುರುತಿಸುತ್ತದೆ, ಹೇಗೆ ನೆನಪಿಟ್ಟುಕೊಳ್ಳುತ್ತದೆ ಎಂಬುದು ಅವರ ಪ್ರಶ್ನೆಯಾಗಿತ್ತು. ಕಲಿಕೆಯೆಂದರೆ ನರಕೋಶಗಳ ನಡುವಿನ ಸಂಪರ್ಕ ಬಲಗೊಳ್ಳುವುದು ಎಂದು ಡೊನಾಲ್ಡ್ ಹೆಬ್ 1949ರಲ್ಲಿ ಪ್ರತಿಪಾದಿಸಿದ್ದರು. ಆ ಜಾಡಿನಲ್ಲಿ ಮುಂದುವರಿದು ರೋಸೆನ್‌ಬ್ಲಾಟ್ ರೂಪಿಸಿದ ಮಾದರಿಯೇ ಪರ್ಸೆಪ್ಟ್ರಾನ್. 1958ರ ಜುಲೈನಲ್ಲಿ ಐಬಿಎಂ 704 ಕಂಪ್ಯೂಟರಿನಲ್ಲಿ ಅದನ್ನು ನಡೆಸಿ ತೋರಿಸಿದರು. ಎಡಕ್ಕೆ ಗುರುತಿರುವ ಕಾರ್ಡು ಯಾವುದು, ಬಲಕ್ಕೆ ಗುರುತಿರುವುದು ಯಾವುದು ಎಂದು ಅದು ಐವತ್ತು ಪ್ರಯತ್ನಗಳಲ್ಲಿ ತಾನೇ ಕಲಿಯಿತು. 1960ರಲ್ಲಿ ಮಾರ್ಕ್ 1 ಎಂಬ ನಿಜವಾದ ಯಂತ್ರವೇ ಪ್ರದರ್ಶನಕ್ಕೆ ಬಂತು. ಅದರ ಕಣ್ಣಿನಲ್ಲಿ ಸಾಲಿಗೆ 20ರಂತೆ 20 ಸಾಲು, ಒಟ್ಟು 400 ದ್ಯುತಿಕೋಶಗಳಿದ್ದವು. ರೇಡಿಯೋದ ವಾಲ್ಯೂಮ್ ನಾಬ್ ತರಹದ ಬಿಡಿಭಾಗಗಳನ್ನು ಪುಟ್ಟ ಮೋಟಾರುಗಳು ತಿರುಗಿಸುತ್ತಿದ್ದವು. ಯಂತ್ರ ಕಲಿತದ್ದೆಲ್ಲ ಆ ನಾಬುಗಳ ಸ್ಥಾನದಲ್ಲಿ ಉಳಿಯುತ್ತಿತ್ತು.

ಅದರ ನಿಯಮ ಸರಳ. ಉತ್ತರ ಸರಿಯಿದ್ದರೆ ಏನನ್ನೂ ಬದಲಿಸಬೇಡ. ತಪ್ಪಿದ್ದರೆ ಆ ತಪ್ಪಿಗೆ ಕಾರಣವಾದ ಸಂಪರ್ಕಗಳನ್ನು ಸ್ವಲ್ಪ ತಿದ್ದು. ಇದನ್ನು ಮಕ್ಕಳಿಂದಲೇ ಮಾಡಿಸಿದೆ. ನಾಲ್ವರು ಸಾಲಾಗಿ ನಿಂತರು, ಇಬ್ಬರು ಎಡಭಾಗ, ಇಬ್ಬರು ಬಲಭಾಗ. ಒಬ್ಬೊಬ್ಬರೂ ಸ್ಲೇಟಿನ ಮೇಲೆ ಮನಸ್ಸಿಗೆ ಬಂದ ಅಂಕಿ ಬರೆದುಕೊಂಡರು: -3, -1, 2, 1. ನಾನು ಒಬ್ಬರನ್ನು ತೋರಿಸಿದಾಗ ಅವರ ಅಂಕಿ ಸೊನ್ನೆಗಿಂತ ಹೆಚ್ಚಿದ್ದರೆ ಯಂತ್ರ ‘ಎಡ’ ಎನ್ನಬೇಕು, ಇಲ್ಲವಾದರೆ ‘ಬಲ’. ಎಡವನ್ನು ಬಲವೆಂದರೆ ಅಂಕಿಗೆ ಒಂದು ಕೂಡಿಸಬೇಕು, ಬಲವನ್ನು ಎಡವೆಂದರೆ ಒಂದು ಕಳೆಯಬೇಕು. ಒಂಬತ್ತು ತಪ್ಪುಗಳಾದವು, ಆಮೇಲೆ ಒಂದೂ ಆಗಲಿಲ್ಲ. ತಪ್ಪಾದಾಗಲೆಲ್ಲ ಮಕ್ಕಳು ಚಪ್ಪಾಳೆ ತಟ್ಟಿದರು, ಏಕೆಂದರೆ ಯಂತ್ರ ಕಲಿಯುತ್ತಿದ್ದುದು ಆಗ ಮಾತ್ರ.

1958ರ ಪ್ರದರ್ಶನದ ನಂತರ ಪತ್ರಿಕೆಗಳು ಈ ಯಂತ್ರ ಮುಂದೆ ನಡೆಯುತ್ತದೆ, ಮಾತಾಡುತ್ತದೆ ಎಂದೆಲ್ಲ ಬರೆದವು. ನಿರೀಕ್ಷೆ ಎತ್ತರಕ್ಕೆ ಏರಿತು. 1969ರಲ್ಲಿ ಮಿನ್ಸ್ಕಿ ಮತ್ತು ಸೀಮೋರ್ ಪೇಪರ್ಟ್ ಬರೆದ ಪುಸ್ತಕ ಸರಳ ಪರ್ಸೆಪ್ಟ್ರಾನಿನ ಮಿತಿಗಳನ್ನು ಗಣಿತದಿಂದಲೇ ತೋರಿಸಿತು. ಮೆಟ್ಟಿಲ ದೀಪದ ಉದಾಹರಣೆ ತೆಗೆದುಕೊಳ್ಳೋಣ. ಕೆಳಗೊಂದು ಸ್ವಿಚ್ಚು, ಮೇಲೊಂದು ಸ್ವಿಚ್ಚು. ಎರಡೂ ಒಂದೇ ಕಡೆಗಿದ್ದರೆ ದೀಪ ಆರಿರುತ್ತದೆ, ಬೇರೆ ಬೇರೆ ಕಡೆಗಿದ್ದರೆ ಉರಿಯುತ್ತದೆ. ಈ ನಾಲ್ಕು ಸ್ಥಿತಿಗಳನ್ನು ಚೌಕದ ನಾಲ್ಕು ಮೂಲೆಗಳಲ್ಲಿ ಬರೆದು, ಉರಿಯುವ ಎರಡನ್ನು ಆರಿದ ಎರಡರಿಂದ ಒಂದೇ ಸರಳರೇಖೆಯಿಂದ ಬೇರ್ಪಡಿಸಲು ಹೇಳಿದೆ. ಯಾರಿಂದಲೂ ಆಗಲಿಲ್ಲ. ಒಂದೇ ಪದರದ ಪರ್ಸೆಪ್ಟ್ರಾನಿಗೆ ಎಳೆಯಲು ಬರುವುದು ಅಂಥ ಒಂದು ರೇಖೆ ಮಾತ್ರ. ಸಾವಿರ ಸಲ ಅಭ್ಯಾಸ ಮಾಡಿಸಿದರೂ ಅದು ಇದನ್ನು ಕಲಿಯದು. ನಡುವೆ ಇನ್ನೊಂದು ಕಲಿಯುವ ಪದರ ಬೇಕು. ಹಲವು ಪದರಗಳ ಬಗ್ಗೆ ರೋಸೆನ್‌ಬ್ಲಾಟ್ 1962ರ ತಮ್ಮ ಗ್ರಂಥದಲ್ಲೇ ಚರ್ಚಿಸಿದ್ದರು, ಆದರೆ ಅವಕ್ಕೆ ಕಲಿಸುವ ನೆಚ್ಚಬಹುದಾದ ವಿಧಾನ ಅವರ ಕೈಗೆ ಸಿಕ್ಕಿರಲಿಲ್ಲ.

ಈ ಭಾಗ ಸಿದ್ಧಪಡಿಸುವಾಗ ನನಗೆ ನನ್ನ ದಾಖಲೆ ಪುಸ್ತಕ ನೆನಪಾಗಿತ್ತು. ಮೊದಲ ವಾರ ಛೇದಗಳು ಬೇರೆಯಾದ ಭಿನ್ನರಾಶಿಗಳ ಸಂಕಲನ ಕಲಿಸಿದ್ದೆ. ಒಬ್ಬ ಹುಡುಗಿ ಅಂಶಕ್ಕೆ ಅಂಶ, ಛೇದಕ್ಕೆ ಛೇದ ಕೂಡಿಸುತ್ತಲೇ ಹೋದಳು. ನಾನು ಅದೇ ಬಗೆಯ ಲೆಕ್ಕಗಳನ್ನು ಮತ್ತೆ ಮತ್ತೆ ಕೊಟ್ಟು, ಕೊನೆಗೆ ಅವಳ ಹೆಸರಿನ ಮುಂದೆ ‘ಗ್ರಹಣಶಕ್ತಿ ಕಡಿಮೆ’ ಎಂದು ಬರೆದಿದ್ದೆ.

ಆ ಪುಸ್ತಕ ಬಂದ ಎರಡು ವರ್ಷಕ್ಕೆ, 1971ರ ಜುಲೈ 11ರಂದು, ಚೆಸಪೀಕ್ ಕೊಲ್ಲಿಯಲ್ಲಿ ದೋಣಿ ಅವಘಡದಲ್ಲಿ ರೋಸೆನ್‌ಬ್ಲಾಟ್ ತೀರಿಕೊಂಡರು. ಅಂದು ಅವರ 43ನೆಯ ಹುಟ್ಟುಹಬ್ಬ. ಕೊನೆಯ ವರ್ಷಗಳಲ್ಲಿ ಅವರು ಕಾರ್ನೆಲ್‌ನಲ್ಲಿ ನರಜೀವಶಾಸ್ತ್ರ ವಿಭಾಗದಲ್ಲಿದ್ದರು. ಖಗೋಳವೀಕ್ಷಣೆಯಲ್ಲೂ ಅವರಿಗೆ ಆಸಕ್ತಿಯಿತ್ತು. 1986ರಲ್ಲಿ ರೂಮೆಲ್‌ಹಾರ್ಟ್, ಹಿಂಟನ್ ಮತ್ತು ವಿಲಿಯಮ್ಸ್ ತಪ್ಪನ್ನು ಪದರದಿಂದ ಪದರಕ್ಕೆ ಹಿಂದಕ್ಕೆ ಸಾಗಿಸಿ ತಿದ್ದುವ ವಿಧಾನವನ್ನು ಪ್ರಚುರಪಡಿಸಿದರು. ಇಂದಿನ ಯಂತ್ರಕಲಿಕೆ ಬೆಳೆದದ್ದು ಆ ದಾರಿಯಲ್ಲಿ. 2024ರ ಭೌತವಿಜ್ಞಾನದ ನೊಬೆಲ್ ಪಡೆದ ಇಬ್ಬರಲ್ಲಿ ಹಿಂಟನ್ ಒಬ್ಬರು. ಮಾರ್ಕ್ 1 ಈಗ ಸ್ಮಿತ್‌ಸೋನಿಯನ್ ಸಂಗ್ರಹದಲ್ಲಿದೆ.

ಪಾಠದ ಕೊನೆಗೆ ಒಬ್ಬ ಹುಡುಗ, ಅವರಿಗೆ ಇದೆಲ್ಲ ಗೊತ್ತಾಗಲೇ ಇಲ್ಲವಾ ಮಿಸ್ ಎಂದು ಕೇಳಿದ. ಇಲ್ಲ ಎಂದೆ. ತರಗತಿ ಸ್ವಲ್ಪ ಹೊತ್ತು ಸುಮ್ಮನಿತ್ತು.

ಮರುದಿನ ಆ ಹುಡುಗಿಗೆ ಹೊಸ ಲೆಕ್ಕ ಕೊಡಲಿಲ್ಲ. ಒಂದೇ ಅಳತೆಯ ಎರಡು ಕಾಗದದ ಪಟ್ಟಿ ಕೊಟ್ಟು, ಒಂದನ್ನು ಎರಡು ಭಾಗ, ಇನ್ನೊಂದನ್ನು ಮೂರು ಭಾಗ ಮಡಿಸಲು ಹೇಳಿದೆ. ಭಾಗಗಳು ಸಮವಿಲ್ಲ, ಹೇಗೆ ಕೂಡಿಸೋದು ಎಂದು ಅವಳೇ ಕೇಳಿದಳು. ಎರಡನ್ನೂ ಆರು ಭಾಗ ಮಾಡಿಕೊಂಡೆವು. ಅಂದು ಕೊಟ್ಟ ಐದು ಲೆಕ್ಕಗಳಲ್ಲಿ ಮೂರು ಸರಿಯಾದವು. ದಾಖಲೆ ಪುಸ್ತಕದ ಹಳೆಯ ಸಾಲನ್ನು ಹೊಡೆದುಹಾಕಿ, ‘ನಡುವಿನ ಹಂತವೊಂದನ್ನು ನಾನು ಬಿಟ್ಟಿದ್ದೆ’ ಎಂದು ಬರೆದು ಮಾರ್ಗದರ್ಶಕರ ಸಹಿಗೆ ಕೊಟ್ಟೆ.